ಇಬ್ನ್ ಬತೂತನು ಕಂಡ ಹೊನ್ನಾವರ: ಪಾಠಶಾಲೆಗಳೂ ತೊತ್ತುಗಳೂ

ಮಧ್ಯಯುಗದ ಕರ್ಣಾಟಕದಲ್ಲಿ ಸ್ತ್ರೀವಿದ್ಯಾಭ್ಯಾಸವು ಯಾವ ಸ್ಥಿತಿಯಲ್ಲಿತ್ತೆಂಬುದನ್ನು ವಿವೇಚಿಸುವ ಬರಹಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತನು ಆ ಪಟ್ಟಣದಲ್ಲಿ ಬಾಲಕಿಯರಿಗೆ 13 ಪಾಠಶಾಲೆಗಳನ್ನೂ ಬಾಲಕರಿಗೆ 23 ಪಾಠಶಾಲೆಗಳನ್ನೂ ಕಂಡನೆಂಬುದೇ ಆ ಸಂಗತಿ. ಇಂಥದನ್ನು ತಾನು ಬೇರೆಲ್ಲಿಯೂ ಕಂಡಿಲ್ಲವೆಂದು ಆತನೇ ಹೇಳಿಕೊಂಡಿರುವುದರಿಂದ ಆ ಮಾತಿಗೆ ಇನ್ನಷ್ಟು ಬೆಲೆ ಬಂದಿದೆ. ಅದು ಬೆಲೆಯುಳ್ಳ ಮಾತೇ ಹೌದು. ಅದನ್ನು ಸಂಶಯಿಸಲು ನಮಗೆ ಕಾರಣ ಕಾಣುವುದಿಲ್ಲ. ಆದರೆ ಅದೇ ಪ್ರಕರಣದಲ್ಲಿ, ಕೆಲವೇ ಪಂಕ್ತಿಗಳ ಅಂತರದಲ್ಲಿ, ಹೊನ್ನಾವರದ ಅರಮನೆಯಲ್ಲಿ ಅನ್ನ ಬಡಿಸಲು ಬಂದ ಇನ್ನೊಬ್ಬ ಹೆಣ್ಣಿನ ಪ್ರಸ್ತಾಪವಿದೆ. ಅವಳು ಓದಲು ಹೋಗುತ್ತಿದ್ದವಳಲ್ಲ, ಕೊಂಡು ತಂದವಳೋ ಸೆರೆ ತಂದವಳೋ ಆದ ತೊತ್ತು. ಉದ್ಧರಣೆಗಳಲ್ಲಿ ಪಾಠಶಾಲೆಗಳು ಉಳಿದುಕೊಂಡಿವೆ, ತೊತ್ತು ಬಿಟ್ಟುಹೋಗಿದ್ದಾಳೆ. ಜಯನಗರ, ಬನಶಂಕರಿಗಳ ಕಡೆಯ ಕಾಲೇಜುಗಳಲ್ಲಿ ಇತಿಹಾಸವನ್ನು ಬೋಧಿಸುವ ಮಿತ್ರರು ಈ ಭಾಗವನ್ನು ಹೇಗೆ ಪಾಠ ಹೇಳಬೇಕೆಂದು ನಮ್ಮನ್ನು ಕೇಳಿದ್ದುಂಟು. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಇಬ್ನ್ ಬತೂತನು 1304ರಲ್ಲಿ ತಾಂಜಿಯರ್ ಪಟ್ಟಣದಲ್ಲಿ ಜನಿಸಿದನು. 1325ರಲ್ಲಿ ಮಕ್ಕಾ ಯಾತ್ರೆಗೆಂದು ಹೊರಟವನು ಸುಮಾರು ಮೂವತ್ತು ವರ್ಷಗಳ ಕಾಲ ತಿರುಗಾಟದಲ್ಲಿಯೇ ಕಳೆದನು. 1333ರಲ್ಲಿ ಸಿಂಧೂನದಿಯನ್ನು ದಾಟಿ ಬಂದ ಆತನಿಗೆ ಮಹಮ್ಮದ್ ಬಿನ್ ತುಘಲಕನು ದಿಲ್ಲಿಯಲ್ಲಿ ಕಾಜಿಯ ಹುದ್ದೆಯನ್ನು ಕೊಟ್ಟನು. ನ್ಯಾಯಶಾಸ್ತ್ರದಲ್ಲಿ ಶಿಕ್ಷಣ ಪಡೆದ ಪಂಡಿತನೀತ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಮಾತಿಗೆ ಅದು ಬೇಕಾಗುತ್ತದೆ. ಊರಿಗೆ ಮರಳಿದ ಮೇಲೆ, ಸುಲ್ತಾನ ಅಬೂ ಇನಾನನ ಅಪ್ಪಣೆಯಂತೆ, ತನ್ನ ಅನುಭವಗಳನ್ನು ಇಬ್ನ್ ಜುಝಯ್ ಎಂಬ ವಿದ್ವಾಂಸನಿಗೆ ಹೇಳಿ ಬರೆಸಿದನು. ಆ ಗ್ರಂಥ ಮುಗಿದುದು 1355ರ ಡಿಸೆಂಬರಿನಲ್ಲಿ. ಆದುದರಿಂದ ಹೊನ್ನಾವರದ ವರ್ಣನೆಯು ಹತ್ತು ಹನ್ನೆರಡು ವರ್ಷಗಳ ಅನಂತರ ನೆನಪಿನಿಂದ ಹೇಳಿದ ವರ್ಣನೆ. ಆತನ ಕಾಲಗಣನೆಯನ್ನು ಕುರಿತು ವಿದ್ವಾಂಸರಲ್ಲಿ ಚರ್ಚೆ ನಿಂತಿಲ್ಲ. ಕರಾವಳಿಯ ಸಂಚಾರವನ್ನು ಸ್ಥೂಲವಾಗಿ 1342ರಿಂದ 1344ರ ಒಳಗೆ ಇಟ್ಟರೆ ನಮ್ಮ ಪ್ರಯೋಜನಕ್ಕೆ ಸಾಕು.

ಆತನು ನಮ್ಮ ಕರಾವಳಿಗೆ ಬಂದ ಸಂದರ್ಭವೂ ಗಮನಾರ್ಹವಾದುದು. ಚೀನದ ಚಕ್ರವರ್ತಿಯು ದಿಲ್ಲಿಗೆ ಉಡುಗೊರೆಗಳನ್ನು ಕಳುಹಿಸಿದ್ದನು. ಅವುಗಳಲ್ಲಿ ನೂರು ಮಂದಿ ಗುಲಾಮರು, ಹೆಣ್ಣೂ ಗಂಡೂ ಸೇರಿ, ಇದ್ದರು. ಪ್ರತಿಯಾಗಿ ತುಘಲಕನು ನೂರು ಕುದುರೆಗಳು, ನೂರು ಗಂಡು ಗುಲಾಮರು, ಆಡಿ ಹಾಡಬಲ್ಲ ನೂರು ಹೆಣ್ಣು ಗುಲಾಮರು, 15 ಮಂದಿ ನಪುಂಸಕರು, ಪಟ್ಟೆ ಪೀತಾಂಬರಗಳು, ಚಿನ್ನ ಬೆಳ್ಳಿಯ ಪಾತ್ರೆಗಳು ಇವನ್ನೆಲ್ಲ ಇಬ್ನ್ ಬತೂತನ ವಶಕ್ಕೆ ಕೊಟ್ಟು 1342ರ ಜುಲೈ ತಿಂಗಳಿನಲ್ಲಿ ರಾಯಭಾರಿಯನ್ನಾಗಿ ಕಳುಹಿಸಿದನು. ಪಟ್ಟಿಯಲ್ಲಿ ಕುದುರೆಗಳ ಮುಂದೆ ಮನುಷ್ಯರು, ಮನುಷ್ಯರ ಮುಂದೆ ಬಟ್ಟೆಗಳು. ಖಂಭಾತಿನ ಕಡೆಯ ಬಂದರಿನಿಂದ ಹಡಗುಗಳಲ್ಲಿ ದಕ್ಷಿಣಕ್ಕೆ ಹೊರಟ ಈ ಪರಿವಾರವು ಗೋವೆಯ ದ್ವೀಪವನ್ನು ಹಾದು ಹೊನ್ನಾವರದಲ್ಲಿ ಇಳಿಯಿತು. ಹೀಗೆ, ಹೊನ್ನಾವರದಲ್ಲಿ ಗುಲಾಮರನ್ನು ಕಂಡ ಪ್ರವಾಸಿಯು ಇನ್ನೂರಕ್ಕೂ ಮಿಕ್ಕ ಗುಲಾಮರನ್ನು ಉಡುಗೊರೆಯ ಸರಕಾಗಿ ಜೊತೆಯಲ್ಲಿಯೇ ತಂದವನು.

ಆಗಿನ ಹೊನ್ನಾವರವು ಶರಾವತಿಯ ಅಳಿವೆಯ ದಡದಲ್ಲಿ, ಕಡಲಿನಿಂದ ಅರ್ಧ ಮೈಲಿಯಷ್ಟು ಒಳಗೆ ಇದ್ದಿತು. ಅದನ್ನಾಳುತ್ತಿದ್ದವನು ಜಮಾಲುದ್ದೀನ್ ಮಹಮ್ಮದನೆಂಬ ಸುಲ್ತಾನ. ಈತನು ಹರಿಯಬನೆಂಬ ಹಿಂದೂ ಅರಸನಿಗೆ ಅಧೀನನಾಗಿದ್ದನೆಂದು ಇಬ್ನ್ ಬತೂತನು ಹೇಳುತ್ತಾನೆ. ಆ ಅರಸನು ವಿಜಯನಗರದ ಹರಿಹರನೇ ಇರಬೇಕೆಂಬುದು ಬಹುಮಂದಿಯ ಊಹೆ. ಸುಲ್ತಾನನ ಸೈನ್ಯ ಆರು ಸಾವಿರದಷ್ಟು. ಆತನ ನೌಕಾಬಲಕ್ಕೆ ಹೆದರಿ ಮಲಬಾರಿನವರು ವರ್ಷವರ್ಷವೂ ಗೊತ್ತಾದ ಹಣವನ್ನು ಒಪ್ಪಿಸುತ್ತಿದ್ದರು. ಊರಿನವರಿಗೆ ಬೇಸಾಯವಿಲ್ಲ, ಸಮುದ್ರವ್ಯಾಪಾರವೇ ಜೀವನ. ಹೆಂಗಸರು ಹೊಲಿದ ಬಟ್ಟೆಯನ್ನು ತೊಡದೆ ಸೀರೆಯ ಒಂದು ತುದಿಯನ್ನು ನಡುವಿಗೆ ಸುತ್ತಿ ಉಳಿದುದನ್ನು ತಲೆ ಹೆಗಲುಗಳ ಮೇಲೆ ಹೊದೆಯುತ್ತಿದ್ದರು. ಮೂಗಿನಲ್ಲಿ ಚಿನ್ನದ ನತ್ತು. ಎಲ್ಲರಿಗೂ ಕುರಾನು ಕಂಠಪಾಠ. ಪಾಠಶಾಲೆಗಳ ಮಾತು ಬರುವುದು ಈ ಸಂದರ್ಭದಲ್ಲಿ. ಇದರಿಂದ ಆ ಶಾಲೆಗಳು ಕುರಾನು ಕಲಿಸುವ ಶಾಲೆಗಳೆಂದೂ ಆ ಬಾಲಕಿಯರು ಊರಿನ ಮುಸಲ್ಮಾನ ವರ್ತಕ ಕುಟುಂಬಗಳಿಗೆ ಸೇರಿದವರೆಂದೂ ತಿಳಿಯಬಹುದು. ಇಡೀ ಕರ್ಣಾಟಕದ ಸ್ತ್ರೀಯರ ಸ್ಥಿತಿಯನ್ನು ಈ ಒಂದು ವಾಕ್ಯದಿಂದ ಎಳೆದು ತೆಗೆಯುವುದು ಸಾಹಸವಾದೀತು.

ಊಟದ ವರ್ಣನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಸುಲ್ತಾನನ ಮುಂದೆ ತಾಮ್ರದ ಪೀಠ, ಅದರ ಮೇಲೆ ತಾಮ್ರದ ಹರಿವಾಣ. ರೇಷ್ಮೆಯನ್ನುಟ್ಟ ಸುಂದರಿಯೊಬ್ಬಳು ಪಾತ್ರೆಗಳನ್ನು ತರಿಸಿ, ದೊಡ್ಡ ತಾಮ್ರದ ಸೌಟಿನಿಂದ ಒಂದು ಸೌಟು ಅನ್ನವನ್ನು ಬಡಿಸಿ, ಅದರ ಮೇಲೆ ತುಪ್ಪವನ್ನು ಸುರಿಯುತ್ತಾಳೆ. ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಒಂದೊಂದು ಸೌಟು ಅನ್ನಕ್ಕೂ ಒಂದೊಂದು ವ್ಯಂಜನ: ಕೋಳಿ, ಆಮೇಲೆ ಬಗೆಬಗೆಯ ಮೀನು, ಆಮೇಲೆ ತುಪ್ಪದಲ್ಲಿ ಬೇಯಿಸಿದ ತರಕಾರಿ, ಹಾಲಿನ ಪದಾರ್ಥಗಳು. ಕಟ್ಟಕಡೆಗೆ ಮೊಸರು. ಮೊಸರು ಬಂದಿತೆಂದರೆ ಇನ್ನೇನೂ ಬರುವುದಿಲ್ಲವೆಂದು ಅರ್ಥವಂತೆ. ನಮ್ಮ ಊಟದ ಪದ್ಧತಿಗೆ ಇಷ್ಟು ಹಳೆಯ, ಇಷ್ಟು ಸ್ಪಷ್ಟವಾದ ಪರದೇಶದ ಸಾಕ್ಷ್ಯ ಬೇರೆ ಸುಲಭವಾಗಿ ದೊರೆಯದು. ಇನ್ನೊಮ್ಮೆ ಬಂದು ನಿಂತಾಗ ಹನ್ನೊಂದು ತಿಂಗಳ ಕಾಲ ರೊಟ್ಟಿಯ ಮುಖವನ್ನೇ ಕಾಣದೆ ಅನ್ನದಲ್ಲಿಯೇ ಕಾಲ ಹಾಕಿದೆನೆಂದೂ ಆತ ಹೇಳುತ್ತಾನೆ.

ಈ ಬಡಿಸುವ ಹೆಣ್ಣಿಗೆ ಮೂಲದಲ್ಲಿರುವ ಅರಬ್ಬಿ ಶಬ್ದ ‘ಜಾರಿಯ’. ಆ ಶಬ್ದಕ್ಕೆ ಎಳೆಯ ಹುಡುಗಿಯೆಂಬ ಅರ್ಥವೂ ಉಂಟು. ಆದರೆ ಅಂದಿನ ಅರಮನೆಯ ಊಳಿಗದ ಸಂದರ್ಭದಲ್ಲಿ ಅದು ಕ್ರಯಕ್ಕೋ ಸೆರೆಗೋ ಸಿಕ್ಕಿ ಒಡೆಯನ ಸ್ವತ್ತಾದ ಹೆಣ್ಣನ್ನು ಸೂಚಿಸುತ್ತದೆ. 1853ರಿಂದ 1858ರವರೆಗೆ ಪ್ಯಾರಿಸಿನಲ್ಲಿ ಮೂಲದೊಡನೆ ಫ್ರೆಂಚ್ ಅನುವಾದವನ್ನು ಪ್ರಕಟಿಸಿದ ಡೆಫ್ರೆಮರಿ ಮತ್ತು ಸಾಂಗ್ವಿನೆಟ್ಟಿ ಈ ಅರ್ಥವನ್ನೇ ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ಇದನ್ನು ‘ಪರಿಚಾರಿಕೆ’ಯೆಂದರೆ ಸಂಬಳದ ಕೆಲಸದವಳೆಂಬ ಭ್ರಾಂತಿ ಹುಟ್ಟುತ್ತದೆ. ‘ದಾಸಿ’ಯೆಂಬ ಶಬ್ದಕ್ಕೆ ಭಕ್ತಿಯ ಬಣ್ಣ ಹತ್ತಿಬಿಟ್ಟಿದೆ. ನಮ್ಮ ಹಳೆಯ ಸಾಹಿತ್ಯದಲ್ಲಿ ಇದಕ್ಕೆ ತಕ್ಕ ಶಬ್ದ ‘ತೊತ್ತು’. ವಚನಕಾರರು ತಮ್ಮನ್ನು ತಾವೇ ತಗ್ಗಿಸಿಕೊಳ್ಳುವಾಗ ‘ತೊತ್ತಿನ ಮಗ’ನೆಂದು ಕರೆದುಕೊಳ್ಳುವುದರ ಬಲವು, ಕೇಳುವವರ ಕಣ್ಣಮುಂದೆ ನಿಜವಾದ ತೊತ್ತುಗಳೂ ಅವರ ಮಕ್ಕಳೂ ಇದ್ದುದರಿಂದ ಬಂದುದು. ಆ ಪ್ರಯೋಗವನ್ನು ಬರಿಯ ಅಲಂಕಾರವೆಂದು ವಿದ್ಯಾರ್ಥಿಗಳು ತಿಳಿಯದಂತೆ ಅಧ್ಯಾಪಕರು ನೋಡಿಕೊಳ್ಳಬೇಕು.

ಹೊನ್ನಾವರದಿಂದ ಮುಂದಕ್ಕೆ ಬಸರೂರು, ಬಾರಕೂರು, ಮಂಗಳೂರುಗಳ ಮಾರ್ಗವಾಗಿ ರಾಯಭಾರವು ಕಲ್ಲಿಕೋಟೆಯನ್ನು ಸೇರಿತು. ಮಂಗಳೂರಿನಲ್ಲಿ ನಾಲ್ಕು ಸಾವಿರದಷ್ಟು ಮುಸಲ್ಮಾನರು ನೆಲೆಸಿದ್ದರೆಂದೂ, ಫಾರ್ಸ್ ಮತ್ತು ಯೆಮನ್ ದೇಶಗಳ ವರ್ತಕರು ಅಲ್ಲಿಗೆ ಬರುತ್ತಿದ್ದರೆಂದೂ, ಮೆಣಸು ಶುಂಠಿಗಳು ಅಲ್ಲಿ ಹೇರಳವೆಂದೂ ಬರೆಸಿದ್ದಾನೆ. ಕಲ್ಲಿಕೋಟೆಯಲ್ಲಿ ಚೀನೀ ಹಡಗನ್ನು ಏರುವಾಗ ತನಗೆ ಪ್ರತ್ಯೇಕವಾದ ಕೋಣೆ ಬೇಕೆಂದು ಆತ ಹಟ ಹಿಡಿದನು. ತನ್ನ ತೊತ್ತುಗಳಿಲ್ಲದೆ ತಾನು ಎಲ್ಲಿಗೂ ಪ್ರಯಾಣ ಮಾಡುವ ವಾಡಿಕೆಯಿಲ್ಲವೆಂಬುದು ಕಾರಣ. ಕೋಣೆ ಸರಿಹೋಗಲಿಲ್ಲವೆಂದು ಅವರನ್ನೂ ಸಾಮಾನುಗಳನ್ನೂ ಚಿಕ್ಕ ಹಡಗಿಗೆ ಸಾಗಿಸಿ, ತಾನು ಪ್ರಾರ್ಥನೆಗಾಗಿ ದಡದಲ್ಲಿ ನಿಂತನು. ರಾತ್ರಿ ಬಿರುಗಾಳಿಯೆದ್ದಿತು. ಉಡುಗೊರೆಗಳಿದ್ದ ದೊಡ್ಡ ಹಡಗು ಒಡೆದು ಅದರಲ್ಲಿದ್ದವರು ಸತ್ತರು. ಚಿಕ್ಕ ಹಡಗು ಆತನನ್ನು ಬಿಟ್ಟು ಹೊರಟೇಹೋಯಿತು. ದಡದಲ್ಲಿ ಉಳಿದದ್ದು ಹತ್ತು ದೀನಾರು, ಒಂದು ಹಾಸು, ತಾನೇ ಬಿಡುಗಡೆ ಮಾಡಿದ್ದ ಒಬ್ಬ ಗುಲಾಮ. ಒಡೆಯನ ಸ್ಥಿತಿಯನ್ನು ಕಂಡೊಡನೆ ಆ ಗುಲಾಮನೂ ಓಡಿಹೋದನು. ಗ್ರಂಥದಲ್ಲಿ ಇದೊಂದು ದೂರಿನಂತೆ ಬಂದಿದೆ. ನಮಗೆ ಮಾತ್ರ, ಗುಲಾಮನೊಬ್ಬನು ತನ್ನ ಇಚ್ಛೆಯಂತೆ ನಡೆದುಕೊಂಡ ಅಪೂರ್ವ ಸನ್ನಿವೇಶವಾಗಿ ಇದು ಕಾಣುತ್ತದೆ.

ದಿಲ್ಲಿಗೆ ಹಿಂದಿರುಗಲು ಮುಖವಿಲ್ಲದೆ ಇಬ್ನ್ ಬತೂತನು ಮತ್ತೆ ಹೊನ್ನಾವರಕ್ಕೆ ಬಂದು ಜಮಾಲುದ್ದೀನನ ಆಶ್ರಯದಲ್ಲಿ ನಿಂತನು. ಆ ಸಮಯಕ್ಕೆ ಸುಲ್ತಾನನು ಗೋವೆಯ ಮೇಲೆ, ಅರಬ್ಬರ ಬಾಯಲ್ಲಿ ಸಂದಾಬೂರಿನ ಮೇಲೆ, ದಂಡೆತ್ತಲು 52 ಹಡಗುಗಳನ್ನು ಸಜ್ಜುಗೊಳಿಸುತ್ತಿದ್ದನು. ಅಲ್ಲಿಯ ಅರಸನಿಗೂ ಮಗನಿಗೂ ಮನಸ್ತಾಪ ಬಂದು ಮಗನೇ ಹೊನ್ನಾವರಕ್ಕೆ ಓಲೆ ಬರೆದಿದ್ದನಂತೆ. ಇಬ್ನ್ ಬತೂತನು ತಾನೂ ದಂಡಿನಲ್ಲಿ ಸೇರಿ, ಗುರಾಣಿ ಕತ್ತಿಗಳನ್ನು ಹಿಡಿದು ನೀರಿಗೆ ಧುಮುಕಿ ಹೋರಾಡಿದೆನೆಂದು ಹೇಳುತ್ತಾನೆ. ಪಟ್ಟಣ ಸೋತಿತು. ಅರಮನೆಯಲ್ಲಿ ಅಡಗಿದ್ದವರು ಬೆಂಕಿಗೆ ಅಂಜಿ ಹೊರಬಂದು ಸೆರೆಯಾದರು. ಸುಲ್ತಾನನು ಅವರಿಗೆ ಅಭಯವಿತ್ತು, ಅವರ ಹೆಂಡಿರು ಮಕ್ಕಳನ್ನು ಅವರಿಗೆ ಹಿಂದಕ್ಕೆ ಕೊಟ್ಟು, ಊರ ಹೊರಗಿನ ಕೇರಿಯಲ್ಲಿ ಇರಗೊಟ್ಟನು. ಅವರು ಸುಮಾರು ಹತ್ತು ಸಾವಿರ ಮಂದಿ.

ಇಷ್ಟು ಹೇಳಿದ ಮೇಲೆ, ಧ್ವನಿಯನ್ನು ಸ್ವಲ್ಪವೂ ಬದಲಿಸದೆ, ಸುಲ್ತಾನನು ತನಗೆ ಲೆಮ್ಕಿಯೆಂಬ ಸೆರೆಯಾಳನ್ನು ಕೊಟ್ಟನೆಂದೂ, ತಾನು ಅವಳಿಗೆ ಮುಬಾರಕಾ ಎಂದು ಹೆಸರಿಟ್ಟೆನೆಂದೂ, ಅವಳ ಗಂಡನು ಹಣ ಕೊಟ್ಟು ಬಿಡಿಸಿಕೊಳ್ಳಲು ಬಂದಾಗ ತಾನು ಒಪ್ಪಲಿಲ್ಲವೆಂದೂ ಹೇಳುತ್ತಾನೆ. ಮುಂದಿನ ಮಾತು, ಅರಸನ ಭಂಡಾರದಲ್ಲಿ ಸಿಕ್ಕ ಈಜಿಪ್ತಿನ ನಿಲುವಂಗಿಯೊಂದನ್ನೂ ಸುಲ್ತಾನನು ತನಗೆ ಕೊಟ್ಟನೆಂಬುದು.

ಹೆಂಡಿರನ್ನೆಲ್ಲ ಹಿಂದಕ್ಕೆ ಕೊಟ್ಟ ಮೇಲೆ ಈ ಒಬ್ಬಳ ಗಂಡ ಹಣ ಹಿಡಿದು ಬಾಗಿಲಿಗೆ ಏಕೆ ಬರಬೇಕಾಯಿತು? ಗ್ರಂಥಕಾರನು ಉತ್ತರ ಕೊಡುವುದಿಲ್ಲ. ಎರಡು ಮಾತುಗಳ ವಿರೋಧವು ಆತನಿಗೆ ತೋರಿದಂತೆಯೂ ಇಲ್ಲ. ಎಲ್ಲರಿಗೂ ಅಭಯವೆಂಬುದು ರಾಜನ ಕೀರ್ತಿಗಾಗಿ ಹೇಳಿದ ಮಾತು, ಲೆಮ್ಕಿಯ ಮಾತು ತನ್ನ ಲಾಭವನ್ನು ನೆನೆದು ಹೇಳಿದ ಮಾತು. ಇವೆರಡರಲ್ಲಿ ಎರಡನೆಯದನ್ನೇ ಹೆಚ್ಚು ನಂಬಬೇಕೆಂದು ನಮ್ಮ ಅಭಿಪ್ರಾಯ. ಯುದ್ಧದ ಸೆರೆಯಾಳನ್ನು ಹಣಕ್ಕೆ ಬಿಡುವುದು ಆತನ ಧರ್ಮಶಾಸ್ತ್ರವು ಬಲ್ಲ ವ್ಯವಹಾರವೇ ಆಗಿತ್ತು. ಕಾಜಿಯಾಗಿದ್ದವನಿಗೆ ಅದು ತಿಳಿಯದೆ ಇರಲಾರದು. ಬಿಡುವುದೂ ಬಿಡದಿರುವುದೂ ಆತನ ಕೈಯಲ್ಲಿದ್ದಿತು, ಆತ ಬಿಡಲಿಲ್ಲ. ಲೆಮ್ಕಿಯ ಗತಿ ಮುಂದೆ ಏನಾಯಿತೆಂಬುದನ್ನು ಆತ ಹೇಳುವುದಿಲ್ಲ.

ಈ ಪ್ರಸಂಗವನ್ನು ಒಂದು ಮತದವರ ದೋಷವಾಗಿ ಓದುವ ಆತುರವು ಇತ್ತೀಚೆಗೆ ಹೆಚ್ಚಾಗಿದೆ. ಅದು ಇತಿಹಾಸಕ್ಕೆ ಹೊಂದುವುದಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ನಾಡಿನಲ್ಲಿಯೇ, ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ ವ್ಯಾಖ್ಯಾನವು ನಾರದಸ್ಮೃತಿಯನ್ನನುಸರಿಸಿ ದಾಸರಲ್ಲಿ 15 ಬಗೆಗಳನ್ನು ಎಣಿಸುತ್ತದೆ. ಮನೆಯ ತೊತ್ತಿನಲ್ಲಿ ಹುಟ್ಟಿದವನು, ಕ್ರಯಕ್ಕೆ ಕೊಂಡವನು, ದಾನವಾಗಿ ಬಂದವನು, ಪಿತ್ರಾರ್ಜಿತವಾಗಿ ಬಂದವನು, ಬರಗಾಲದಲ್ಲಿ ಅನ್ನವಿಟ್ಟು ಉಳಿಸಿಕೊಂಡವನು, ಒತ್ತೆಯಿಟ್ಟವನು, ಸಾಲದಿಂದ ಬಿಡಿಸಿಕೊಂಡವನು, ಪಣದಲ್ಲಿ ಗೆದ್ದವನು, ತನ್ನನ್ನು ತಾನೇ ಮಾರಿಕೊಂಡವನು ಇತ್ಯಾದಿ. ಅವರಲ್ಲಿ ಒಬ್ಬನು ‘ಯುದ್ಧಪ್ರಾಪ್ತ’. ಲೆಮ್ಕಿಯನ್ನು ಗೆದ್ದವನು ಹಿಂದೂ ಅರಸನಾಗಿದ್ದರೂ ಅವಳನ್ನು ಹಾಕಲು ಶಾಸ್ತ್ರದಲ್ಲಿ ಒಂದು ಮನೆ ಸಿದ್ಧವಾಗಿಯೇ ಇದ್ದಿತು. ಗುಜರಾತಿನ ‘ಲೇಖಪದ್ಧತಿ’ಯೆಂಬ ಗ್ರಂಥದಲ್ಲಿ ದಾಸಿಯನ್ನು ಮಾರುವಾಗ ಬರೆಯಬೇಕಾದ ಪತ್ರದ ಮಾದರಿಗಳೇ ಇವೆ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರವನ್ನು ಕಂಡ ವೆನಿಸಿನ ನಿಕೊಲೊ ಕೊಂತಿಯು ಭಾರತದಲ್ಲಿ ಗುಲಾಮರು ಬಹುಸಂಖ್ಯಾತರೆಂದೂ, ಸಾಲ ತೀರಿಸಲಾರದವನು ಸಾಲಗಾರನ ಸ್ವತ್ತಾಗುವನೆಂದೂ ಹೇಳಿದ್ದಾನೆ. ಸಕ್ಕರೆಯ ತೋಟಗಳಲ್ಲಿಯೂ ಹತ್ತಿಯ ತೋಟಗಳಲ್ಲಿಯೂ ಸಾವಿರಾರು ಗುಲಾಮರನ್ನು ದುಡಿಸಿದ ಅಮೆರಿಕದ ಪದ್ಧತಿಗೂ ಇದಕ್ಕೂ ಭೇದವುಂಟು. ಇಲ್ಲಿ ಗುಲಾಮರು ಬಹುಮಟ್ಟಿಗೆ ಮನೆ, ಅರಮನೆ, ಹಡಗು, ಸೈನ್ಯಗಳಿಗೆ ಸೇರಿದವರು. ಕೆಲವರು ಅಧಿಕಾರಕ್ಕೂ ಏರಿದರು. ಆದರೆ ಬಾಗಿಲಲ್ಲಿ ನಿಂತ ಗಂಡನ ಪಾಲಿಗೆ ಈ ಭೇದದಿಂದ ಏನು ಪ್ರಯೋಜನ?

ಹೋಲಿಕೆಗಾಗಿ ಇನ್ನೊಬ್ಬ ಪ್ರಸಿದ್ಧ ಲೇಖಕನ ಪ್ರವಾಸವನ್ನು ನೆನೆಯಬಹುದು. ಇಬ್ನ್ ಬತೂತನು ದಿಲ್ಲಿಯನ್ನು ಬಿಟ್ಟು ಸುಮಾರು 500 ವರ್ಷಗಳಾದ ಮೇಲೆ, 1842ರ ಮಾರ್ಚಿಯಲ್ಲಿ, ಚಾರ್ಲ್ಸ್ ಡಿಕನ್ಸನು ವರ್ಜೀನಿಯದ ರಿಚ್ಮಂಡ್ ನಗರಕ್ಕೆ ಹೋದನು. ಅಲ್ಲಿಯ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಗುಲಾಮರು ದುಡಿಯುವುದನ್ನೂ, ಒಡೆಯನ ಅಪ್ಪಣೆಯಂತೆ ಅವರಲ್ಲಿ ಕೆಲವರು ದೇವರ ಹಾಡನ್ನು ಹಾಡುವುದನ್ನೂ ಕಂಡನು. ದಾರಿಯ ರೈಲಿನಲ್ಲಿ, ಆಗತಾನೆ ಮಾರಾಟವಾಗಿದ್ದ ತಾಯಿಯೊಬ್ಬಳು ಮಕ್ಕಳೊಡನೆ ಪ್ರಯಾಣ ಮಾಡುತ್ತಿದ್ದಳು. ಗಂಡನು ಹಳೆಯ ಒಡೆಯನ ಬಳಿಯಲ್ಲಿಯೇ ಉಳಿದಿದ್ದನು. ಇನ್ನೂ ದಕ್ಷಿಣಕ್ಕೆ ಹೋಗಬೇಕೆಂದಿದ್ದ ಡಿಕನ್ಸನು ಆ ಯೋಚನೆಯನ್ನು ಬಿಟ್ಟು ಹಿಂದಿರುಗಿದನು. ಅದೇ ವರ್ಷ ಪ್ರಕಟಿಸಿದ ಗ್ರಂಥದಲ್ಲಿ ದಾಸ್ಯದ ಮೇಲೆ ಒಂದು ಅಧ್ಯಾಯವನ್ನೇ ಬರೆದು, ಓಡಿಹೋದ ಗುಲಾಮರನ್ನು ಹಿಡಿದುಕೊಡಲು ಒಡೆಯರು ಪತ್ರಿಕೆಗಳಲ್ಲಿ ಹಾಕಿಸಿದ್ದ ಪ್ರಕಟಣೆಗಳನ್ನು ಸಾಲಾಗಿ ಮುಂದಿಟ್ಟನು. ಅವುಗಳಲ್ಲಿ ಬಹುಭಾಗವನ್ನು ಥಿಯೊಡೋರ್ ವೆಲ್ಡನ 1839ರ ಪುಸ್ತಕದಿಂದ ತೆಗೆದುಕೊಂಡಿದ್ದನು.

ಡಿಕನ್ಸನು ನೋಡಬೇಕೆಂದೇ ಹೋಗಿ ನೋಡಿ ಖಂಡಿಸಿದವನು; ಇಬ್ನ್ ಬತೂತನಿಗೆ ಅದು ನೋಡಬೇಕಾದ ವಿಷಯವೇ ಆಗಿರಲಿಲ್ಲ. ಆದುದರಿಂದ ಸಾಕ್ಷಿಯ ದೃಷ್ಟಿಯಿಂದ ಇಬ್ನ್ ಬತೂತನದೇ ಒಂದು ಬಗೆಯಲ್ಲಿ ಹೆಚ್ಚು ಉಪಯುಕ್ತವೆಂದು ನಾವು ಹೇಳುತ್ತೇವೆ. ವಾದಕ್ಕಾಗಿ ಹೇಳಿದ ಮಾತಿನಲ್ಲಿ ಆಯ್ಕೆಯಿರುತ್ತದೆ. ಇಲ್ಲಿ ಮುಚ್ಚಿಕೊಳ್ಳಬೇಕೆಂಬ ಅರಿವೇ ಇಲ್ಲ. ಎಫೆಸಸಿನಲ್ಲಿ ಗ್ರೀಕ್ ಹುಡುಗಿಯೊಬ್ಬಳನ್ನು 40 ದೀನಾರಿಗೆ ಕೊಂಡುದನ್ನೂ, ದಿಲ್ಲಿಯಲ್ಲಿ ವಜೀರನು ಹತ್ತು ಮಂದಿ ಸೆರೆಯ ಹೆಂಗಸರನ್ನು ಕಳುಹಿಸಿದಾಗ ಅವರನ್ನು ಹಂಚಿದುದನ್ನೂ, ಸೆರೆಯಾಳುಗಳು ಅಲ್ಲಿ ಬಹಳ ಅಗ್ಗವೆಂಬುದನ್ನೂ, ಬಂಗಾಳದಲ್ಲಿ ಆಶೂರಾ ಎಂಬವಳನ್ನು ಕೊಂಡುದನ್ನೂ ಅಕ್ಕಿ ಸಕ್ಕರೆಗಳ ಧಾರಣೆಯಂತೆಯೇ ಹೇಳಿಹೋಗುತ್ತಾನೆ. ಗುಲಾಮರ ಧಾರಣೆಯ ಬಗೆಗೆ ಅಂದಿನ ಶಾಸನಗಳು ಹೇಳದ ವಿವರಗಳು ಆತನಿಂದ ದೊರೆಯುವುದು ಈ ನಿರ್ಲಕ್ಷ್ಯದ ದೆಸೆಯಿಂದ.

ಹೆಸರುಗಳ ವಿಷಯವಾಗಿ ಒಂದು ಮಾತು. ಆತನ ಗ್ರಂಥದಲ್ಲಿ ಬರುವ ಗುಲಾಮರಿಗೆ ಸಾಮಾನ್ಯವಾಗಿ ಒಡೆಯರಿಟ್ಟ ಹೆಸರುಗಳೇ ಇವೆ: ಲೂಲೂ ಎಂದರೆ ಮುತ್ತು, ಗುಲಿಸ್ತಾನ್ ಎಂದರೆ ಹೂದೋಟ, ಅಂಬರಿ ಎಂಬುದು ಸುಗಂಧದ್ರವ್ಯದಿಂದ ಬಂದುದು. ತೌರಿನ ಹೆಸರೂ ಒಡೆಯನಿಟ್ಟ ಹೆಸರೂ ಜೊತೆಯಾಗಿ ಉಳಿದಿರುವುದು, ನಮಗೆ ಕಂಡಮಟ್ಟಿಗೆ, ಲೆಮ್ಕಿಗೆ ಮಾತ್ರ. ಅರಬ್ಬಿ ಲಿಪಿಯಲ್ಲಿ ರೂಪಾಂತರ ಹೊಂದಿರುವ ಈ ಹೆಸರಿನ ಹಿಂದೆ ಲಕ್ಷ್ಮಿಯೋ ಲಕ್ಕಿಯೋ ಇರಬಹುದೆಂಬುದು ಊಹೆಯಷ್ಟೇ. ಗೋವೆಯ ಕದಂಬರು ಕನ್ನಡದಲ್ಲಿ ಶಾಸನಗಳನ್ನು ಹಾಕಿಸಿದವರಾದುದರಿಂದ ಆ ಊಹೆಯನ್ನು ತಳ್ಳಿಹಾಕಬೇಕಾಗಿಲ್ಲ.

ಇದಕ್ಕೆ ಇನ್ನೂರು ವರ್ಷಗಳ ಹಿಂದೆ, ಮಂಗಳೂರಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಕೈರೋ ನಗರದ ಯೆಹೂದ್ಯರ ದೇವಾಲಯದಲ್ಲಿ ದೊರೆತ ಹಳೆಯ ಕಾಗದಪತ್ರಗಳು ತಿಳಿಸಿವೆ. ಟ್ಯುನೀಸಿಯ ಮೂಲದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜುವು 1132ರ ಅಕ್ಟೋಬರ್ 17ರಂದು ಆಶು ಎಂಬ ತುಳುನಾಡಿನ ತೊತ್ತನ್ನು ಬಿಡುಗಡೆ ಮಾಡಿ ಪತ್ರ ಬರೆದುಕೊಟ್ಟನು. ಅವಳಿಗೆ ಬೆರಾಖಾ ಎಂದು ಹೆಸರಾಯಿತು. ಅವಳಿಂದ ಆತನಿಗೆ ಮಕ್ಕಳಾದರು. ಹೀಬ್ರೂವಿನ ‘ಬೆರಾಖಾ’, ಅರಬ್ಬಿಯ ‘ಮುಬಾರಕಾ’ ಎರಡೂ ಹರಕೆಯೆಂಬ ಅರ್ಥದ ಒಂದೇ ಧಾತುವಿನಿಂದ ಹುಟ್ಟಿದವು. ಒಂದೇ ಕರಾವಳಿಯ ಇಬ್ಬರು ಹೆಣ್ಣುಗಳು, ಹೆಚ್ಚುಕಡಮೆ ಒಂದೇ ಹೆಸರು. ಒಬ್ಬಳಿಗೆ ಬಿಡುಗಡೆಯ ಪತ್ರ, ಇನ್ನೊಬ್ಬಳಿಗೆ ಬಿಡಿಸಿಕೊಳ್ಳಲು ಬಂದ ಗಂಡನ ನಿರಾಶೆ. ಬೆನ್ ಯಿಜುವಿನ ಬಳಿ ಬೊಮ್ಮನೆಂಬ ಗುಲಾಮನೂ ಇದ್ದು, ಒಡೆಯನ ಪರವಾಗಿ ಏಡನ್ನಿಗೆ ಹೋಗಿ ವ್ಯಾಪಾರ ಮಾಡಿ ಬರುತ್ತಿದ್ದನು. ಅಮಿತಾವ್ ಘೋಷರು 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈತನ ಜಾಡನ್ನು ತುಳುನಾಡಿನವರೆಗೆ ಹಿಡಿದು ಬಂದಿದ್ದಾರೆ. ಬೊಮ್ಮನು ಏಡನ್ನಿನಲ್ಲಿ ಕುಡಿದು ಒಡೆಯನ ಮಿತ್ರನಿಗೆ ತೊಂದರೆ ಕೊಟ್ಟ ಕಥೆಯೂ ಆ ಕಾಗದಗಳಲ್ಲಿದೆ. ಗುಲಾಮನಿಗೂ ಒಂದು ಸ್ವಭಾವವಿತ್ತೆಂಬುದು ಇಂಥ ಚಿಲ್ಲರೆ ವಿವರಗಳಿಂದಲೇ ತಿಳಿಯಬೇಕು.

ಪಾಠದ ಪ್ರಶ್ನೆಗೆ ಬರೋಣ. 13 ಪಾಠಶಾಲೆಗಳ ವಾಕ್ಯವನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಅದರೊಡನೆ ಬಡಿಸುವವಳ ವಾಕ್ಯವನ್ನೂ ಲೆಮ್ಕಿಯ ವಾಕ್ಯವನ್ನೂ ಓದಿಸಬೇಕು. ಮೂರೂ ಸೇರಿ ಒಂದು ಪುಟಕ್ಕೆ ಮಿಗದು. 1953ರಲ್ಲಿ ಬರೋಡಾದಿಂದ ಹೊರಟ ಮೆಹದಿ ಹುಸೇನರ ಇಂಗ್ಲಿಷ್ ಅನುವಾದವು ಭಾರತ, ಮಾಲ್ದೀವು, ಸಿಂಹಳಗಳ ಭಾಗವನ್ನು ಪೂರ್ಣವಾಗಿ ಕೊಟ್ಟಿರುವುದರಿಂದ ತರಗತಿಗೆ ಅನುಕೂಲವಾಗಿದೆ. ಇದನ್ನು ಓದಿದ ವಿದ್ಯಾರ್ಥಿಗಳು ಈ ಪದ್ಧತಿ ಎಂದು ನಿಂತಿತೆಂದು ಕೇಳುವುದು ಸಹಜ. 1801ರಲ್ಲಿ ಕೆನರಾ ಪ್ರಾಂತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರನ್ನು ಕುರಿತು ಬರೆದಿದ್ದಾನೆ. ಆತನ ಗ್ರಂಥ 1807ರಲ್ಲಿ ಅಚ್ಚಾಯಿತು. 1843ರ ಐದನೆಯ ಕಾಯಿದೆಯು ಕಂಪನಿಯ ರಾಜ್ಯದಲ್ಲಿ ದಾಸ್ಯದ ಹಕ್ಕನ್ನು ನ್ಯಾಯಾಲಯಗಳು ಮನ್ನಿಸಬಾರದೆಂದು ವಿಧಿಸಿತು. ಸಾಲಕ್ಕಾಗಿ ಆಳಾಗಿ ನಿಲ್ಲುವ ಜೀತಪದ್ಧತಿಯನ್ನು ರದ್ದುಪಡಿಸುವ ಶಾಸನವಾದುದು 1976ರಲ್ಲಿ. ಜೀತದಿಂದ ಬಿಡಿಸಿದವರಿಗೆ ಬಿಡುಗಡೆಯ ಪತ್ರವನ್ನು ಕೊಡುವ ಕೆಲಸ ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಆ ಮೇಲೆಯೂ ನಡೆದುಬಂದಿದೆ.